ಯಾಕೆ ಮಾರುತ್ತಿದ್ದೀರಿ?

ಮನೆ ಮಾರಬೇಕಾದರೆ ಮೊದಲು ಅದನ್ನು ರಿಪೇರಿ ಮಾಡಿಸಬೇಕು ಎನ್ನುವ ಲೆಕ್ಕವೇ ನನ್ನ ತಲೆಗೆ ಹೋಗಲಿಲ್ಲ. ಬಚ್ಚಲುಮನೆ ಗೋಡೆಯ ತೇವವನ್ನು ವರ್ಷಗಟ್ಟಲೆ ನೋಡಿಕೊಂಡೇ ಸ್ನಾನ ಮಾಡಿದವರು, ಬಿಟ್ಟುಹೋಗುವ ಹೊತ್ತಿಗೆ ಹೊಸ ಟೈಲ್ಸ್ ಹಾಕಿಸಿದೆವು. ತೊಟ್ಟಿಕ್ಕುತ್ತಿದ್ದ ನಲ್ಲಿ ನಿಂತಿತು, ಕಿರುಗುಡುತ್ತಿದ್ದ ಗೇಟು ಸುಮ್ಮನಾಯಿತು, ಹಾಲ್‌ಗೆ ಕೆನೆ ಬಣ್ಣ ಬಂತು. ಯಾರೋ ಬಂದು ಸುಖವಾಗಿರಲಿ ಎಂದು ನಾವು ಧೂಳು ಕುಡಿಯುತ್ತಿದ್ದೆವು. ನನಗಂತೂ ಒಳಗೊಳಗೇ ಉರಿಯುತ್ತಿತ್ತು.

ಸರಸ್ವತಿಪುರಂನ ಈ ಮನೆ ನಮ್ಮ ಮಾವನವರು ಕಟ್ಟಿಸಿದ್ದು. ಈಗ ನನ್ನ ಗಂಡ ಮತ್ತು ಅವರ ಅಕ್ಕ, ಇಬ್ಬರ ಹೆಸರಿನಲ್ಲೂ ಇದೆ. ಅತ್ತಿಗೆ ಮದುವೆಯಾದವರಲ್ಲ. ಅತ್ತೆ ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವು ಮೂವರು. ಮಾರುವ ಮಾತು ಬಂದಾಗ ಅತ್ತಿಗೆಯನ್ನೂ ಕೇಳಿದೆವು. ನೀವು ಹೇಗಂದರೆ ಹಾಗೆ ಎಂದರು. ಅವರು ಯಾವತ್ತೂ ಹಾಗೇ ಅನ್ನುವುದು.

ಬ್ರೋಕರ್ ಮನೆಯೆಲ್ಲ ತಿರುಗಿ ನೋಡಿ, ಗೋಡೆಯ ಮೊಳೆಗಳನ್ನು ಕೀಳಿಸಿ, ಕೊನೆಗೆ ಒಂದು ಎಚ್ಚರಿಕೆ ಕೊಟ್ಟರು. ಬಂದವರು ನೀರು, ವಾಸ್ತು ಎಲ್ಲ ಆಮೇಲೆ ಕೇಳುತ್ತಾರೆ, ಮೊದಲು ಕೇಳುವುದು ಯಾಕೆ ಮಾರುತ್ತಿದ್ದೀರಿ ಅಂತ. ಅದಕ್ಕೆ ಮನೆಯವರೆಲ್ಲ ಒಂದೇ ಉತ್ತರ ಕೊಡಬೇಕು. ಇದೇನು ಮಹಾ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಬಂದದ್ದು ಲಕ್ಷ್ಮೀಪುರಂನ ಗಂಡ ಹೆಂಡತಿ. ಆಕೆ ಅಡುಗೆಮನೆಯಲ್ಲಿ ಅದೇ ಪ್ರಶ್ನೆ ಕೇಳಿದರು. ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ ಎಂದೆ. ಹೊರಗೆ ನನ್ನ ಗಂಡ, ಬೀದಿಯಲ್ಲಿ ಟ್ಯುಟೋರಿಯಲ್ ಹುಡುಗರ ಸ್ಕೂಟರ್ ಗಲಾಟೆ ಜಾಸ್ತಿ ಎಂದು ಆಕೆಯ ಗಂಡನಿಗೆ ಹೇಳುತ್ತಿದ್ದರು. ಕಾಫಿ ತಂದ ಅತ್ತಿಗೆ, ನನಗೆ ಗೊತ್ತಿಲ್ಲ, ಅವರಿಬ್ಬರನ್ನೇ ಕೇಳಿ ಎಂದುಬಿಟ್ಟರು. ಬಂದವರು ಅರ್ಧ ಕಾಫಿ ಬಿಟ್ಟು ಎದ್ದರು. ಸಂಜೆ ಬ್ರೋಕರ್ ಫೋನ್ ಬಂತು.

"ಆ ಮನೇಲಿ ಯಾರಾದ್ರೂ ನೇಣು ಹಾಕ್ಕೊಂಡಿದ್ರಾ ಅಂತ ಕೇಳ್ತಾವ್ರೆ ಕಣಮ್ಮ. ಎಲ್ರೂ ಒಂದೇ ಮಾತು ಹೇಳ್ಬುಡಿ ಅಂದಿರ್ಲಿಲ್ವಾ?"

ಒಂದು ಉತ್ತರ ತಯಾರು ಮಾಡಿಕೊಳ್ಳೋಣ ಎಂದು ಮೂವರೂ ಹಾಲ್‌ನಲ್ಲಿ ಕೂತೆವು. ಮೆಟ್ಟಿಲಿನದೇ ಇರಲಿ ಎಂದೆ. ಮೊನ್ನೆ ತಾನೇ ಚಾಮುಂಡಿಬೆಟ್ಟ ಹತ್ತಿ ಬಂದವಳು ನೀನು ಎಂದು ಗಂಡ ನಕ್ಕರು. ಹಾಗಾದರೆ ನಿಜವಾದ ಕಾರಣವನ್ನೇ ಹೇಳಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಈ ಮನೆ ಸಾಕಾಗ್ಹೋಗಿದೆ ಅಂದೋಳು ನೀನಲ್ವಾ?"

ಅಂದಿದ್ದೆ, ನಿಜ. ನೀರಿನ ಮೋಟಾರು ಕೆಟ್ಟ ದಿನ ರೇಗಿ ಆಡಿದ ಮಾತದು. ರೇಗಿದಾಗ ನಾನು ಏನೇನೋ ಅನ್ನುತ್ತೇನೆ, ಅದನ್ನು ಹಿಡಿದುಕೊಂಡು ಯಾರಾದರೂ ಬ್ರೋಕರನ್ನು ಕರೆಸುತ್ತಾರೆಯೇ? ಇವರು ಫೋನಿನಲ್ಲಿ ಫ್ಲ್ಯಾಟು ನೋಡುತ್ತಿದ್ದುದನ್ನು ಕಂಡು, ಮಾರುವ ಆಸೆ ಇವರದೇ ಎಂದು ನಾನು ತಿಳಿದಿದ್ದೆ. ನೋಡುತ್ತಿದ್ದುದು ನನಗೋಸ್ಕರವಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರಿಗೂ ಬೇಡದ ಮಾರಾಟಕ್ಕೆ ಇಷ್ಟು ಪಾಡು ಪಟ್ಟೆವಲ್ಲ ಎನ್ನಿಸಿತು. ಬ್ರೋಕರ್‌ಗೆ ಫೋನ್ ಮಾಡಿ ಬೇಡ ಎಂದುಬಿಡಿ ಎಂದೆ. ನನಗೆ ಆಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಅವರು ಫೋನ್ ಕೈಗೆತ್ತಿಕೊಂಡರು. ಬಟ್ಟೆ ಮಡಿಸುತ್ತಾ ಕೂತಿದ್ದ ಅತ್ತಿಗೆ ತಲೆ ಎತ್ತಿದರು.

"ಬೇಡ ಅನ್ಬೇಡ ಕಣೋ. ಮಾರೋದು ನಂಗೆ ಬೇಕು. ನನ್ನ ಪಾಲಲ್ಲಿ ನಂದೇ ಒಂದು ಪುಟ್ಟ ಮನೆ ಮಾಡ್ಕೋತೀನಿ."

ಅವರಾಗಿ ಇಂಥದು ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಲ್ಲಿ ನಿನಗೆ ಏನು ಕಮ್ಮಿಯಾಗಿದೆ ಅಕ್ಕ ಎಂದು ಗಂಡ ಕೇಳಿದರು. ಅತ್ತಿಗೆ ನನ್ನ ಕಡೆ ತಿರುಗಿದರು.

"ಏನೂ ಕಮ್ಮಿ ಮಾಡಿಲ್ಲ ನೀವು. ಬೆಳಗ್ಗೆ ಎದ್ದು, ಇವತ್ತು ಏನಡುಗೆ ಮಾಡ್ಲಿ ಅಂತ ಯಾರನ್ನೂ ಕೇಳ್ದೆ ಒಲೆ ಹಚ್ಬೇಕು ಅಂತ ಆಸೆ ಕಣಮ್ಮ."

ಅವರು ದಿನಾ ಬೆಳಗ್ಗೆ ಕೇಳುತ್ತಿದ್ದುದು ನನ್ನನ್ನೇ. ಅದು ನನಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ. ನಾನು ಹುಳಿ ಅಂದರೆ ಹುಳಿ, ಸಾರು ಅಂದರೆ ಸಾರು. ಕೋಪ ಬಂತು, ದುಃಖವೂ ಬಂತು, ಯಾವುದು ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕೇಳಬೇಡಿ ಎಂದು ನಾನು ಹೇಳಬೇಕಿತ್ತೋ, ಕೇಳದೆ ಅವರೇ ಮಾಡಬಹುದಿತ್ತೋ? ಈಗಲೂ ನನಗೆ ಇದು ಬಗೆಹರಿದಿಲ್ಲ. ಒಬ್ಬರೇ ಇರುವುದು ಕಷ್ಟ ಎಂದು ಗಂಡ ಎಷ್ಟೋ ಹೇಳಿ ನೋಡಿದರು. ಅತ್ತಿಗೆ ಬಟ್ಟೆ ಮಡಿಸಿ ಮುಗಿಸಿದರು, ಮಾತು ಮಾತ್ರ ಬದಲಿಸಲಿಲ್ಲ.

ಮುಂದಿನ ಭಾನುವಾರ ಇನ್ನೊಂದು ಸಂಸಾರ ಮನೆ ನೋಡಲು ಬಂತು. ಆ ಹೆಂಗಸೂ ಯಾಕೆ ಮಾರುತ್ತಿದ್ದೀರಿ ಎಂದರು. ಗಂಡ ಗೋಡೆ ನೋಡುತ್ತಾ ನಿಂತರು. ನಾನೇ, ನಮ್ಮತ್ತಿಗೆ ಬೇರೆ ಮನೆ ಮಾಡುತ್ತಿದ್ದಾರೆ ಎಂದೆ. ಆಕೆ ದನಿ ತಗ್ಗಿಸಿದರು.

"ಯಾಕೆ, ನಿಮ್ಮಿಬ್ಬರಿಗೂ ಸರಿಹೋಗಲ್ವಾ?"

ಅತ್ತಿಗೆ ಕಾಫಿ ಲೋಟಗಳನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅಯ್ಯೋ, ನಾವಿಬ್ಬರೂ ಚೆನ್ನಾಗಿದ್ದೇವೆ ಎನ್ನಲು ಬಾಯಿ ತೆರೆದೆ. ಅದನ್ನೂ ಅತ್ತಿಗೆಯನ್ನು ಕೇಳದೆ ಹೇಗೆ ಹೇಳಲಿ ಎಂದು ತಿಳಿಯದೆ ಅವರ ಮುಖ ನೋಡಿದೆ.