ಬೇಕರಿ ಒಲೆಯಲ್ಲಿ ಮನೆಯ ಕೇಕು

ತೊಂಬತ್ತರ ದಶಕದಲ್ಲಿ ನಮ್ಮನೆಯಲ್ಲಿ ಓವನ್ ಇರಲಿಲ್ಲ. ಮಕ್ಕಳಿಗೆಂದು ಮೊಸರು, ಕೋಕೋ ಹಾಕಿ ಚಾಕೊಲೇಟ್ ಕೇಕಿನ ಹಿಟ್ಟು ಕಲಸಿ, ಡಬ್ಬಿ ಸಮೇತ ಸರಸ್ವತಿಪುರಂನ ಒಂದು ಬೇಕರಿಗೆ ಒಯ್ದೆ. ಬ್ರೆಡ್ ತೆಗೆದ ಮೇಲೆ, ಬಿಸಿ ಆರದ ಒಲೆಯಲ್ಲಿ ಬೇಯಿಸಿಕೊಡುತ್ತಿದ್ದರು.

ಸಂಜೆ ಹೋಗಿ ನೋಡಿದರೆ ಕೇಕಿನ ಮೇಲೆಲ್ಲ ಟೂಟಿ ಫ್ರೂಟಿ!

“ಇದ್ಯಾಕ್ರೀ ಹಾಕಿದ್ರಿ?”

“ಬೋಳಾಗಿತ್ತು ಕಣಮ್ಮ, ನೋಡೋಕಾಗ್ಲಿಲ್ಲ,” ಅಂದರು ಬೇಕರಿಯವರು.

ನಾನೇ ಮಾಡಿದ್ದು ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. “ಬೇಕರೀದು ಅಂತ ಹೇಳೋಕೆ ಏನು ನಾಚಿಕೆ?” ಅಂದರು ಯಜಮಾನರು.

ಮುಂದಿನ ಸಲ ಅದನ್ನೇ ಹೇಳಿ ಬೇಕರಿಯವರ ಹತ್ತಿರ ಜಗಳ ಆಡಿದೆ. “ಯೋಚ್ನೆ ಬುಡಿ, ಈ ಸಲ ಎಲ್ರೂ ನಂಬೋ ಹಂಗೆ ಮಾಡ್ಕೊಡ್ತೀನಿ,” ಅಂದರು. ಟೂಟಿ ಫ್ರೂಟಿಯನ್ನೇನೋ ಹಾಕಿರಲಿಲ್ಲ. ಗುಲಾಬಿ ಕ್ರೀಮಿನಲ್ಲಿ, ಮುತ್ತು ಪೋಣಿಸಿದ ಹಾಗೆ ಬರೆದಿದ್ದರು: ‘ಮನೇಲಿ ಮಾಡಿದ್ದು’.