ಡುಫಿಯೆ ತಾಯಿಯ ವರ್ಷದ ಕಾರ್ಯ

ಕುಮಾಸಿ ನಗರದಲ್ಲಿ ಪುಸ್ತಕದ ಕೆಲಸ ಮಾಡುವ ಹೆಂಗಸರ ಸಂಘಕ್ಕೆ ಮೊದಮೊದಲು ಹೆಸರೂ ಇರಲಿಲ್ಲ. ಒಂದು ಅಚ್ಚುಕೂಟದ ಹಿತ್ತಿಲಲ್ಲಿ ಮಧ್ಯಾಹ್ನ ಮೆಕ್ಕೆಜೋಳದ ಕೆಂಕೆ ಉಂಡೆ, ಹುರಿದ ಮೀನು ಹಂಚಿಕೊಂಡು ತಿನ್ನುತ್ತಿದ್ದ ಐದಾರು ಮಂದಿ, ಅಷ್ಟೆ. ಶಾಲೆಯ ಪಠ್ಯಗಳ ಕರಡು ತಿದ್ದುತ್ತಿದ್ದ ಡುಫಿಯೆ ಅವರಲ್ಲಿ ಹಿರಿಯಳು. ಎಲ್ಲಿ ಕೆಲಸ ಖಾಲಿಯಿದೆ, ಯಾವ ಮಾಲೀಕ ಬಸುರಿಯರನ್ನು ಮನೆಗೆ ಕಳಿಸುತ್ತಾನೆ ಎಂಬುದೆಲ್ಲ ಅಲ್ಲೇ ಬಾಯಿಂದ ಬಾಯಿಗೆ ದಾಟುತ್ತಿತ್ತು. ಒಬ್ಬಳ ಮನೆಯಲ್ಲಿ ಸಾವಾದರೆ ಮಿಕ್ಕವರೆಲ್ಲ ಕಪ್ಪು ಉಟ್ಟು ಹೋಗಿ ಅಡುಗೆಗೆ ನಿಲ್ಲುತ್ತಿದ್ದರು. ಡುಫಿಯೆಯ ಕೈಯಲ್ಲೇ ಕೆಲಸ ಕಲಿತ ಫ್ರೆಮಾಳ ತಾಯಿ ತೀರಿಕೊಂಡಾಗ, ಡುಫಿಯೆ ವಾರವಿಡೀ ಅವಳ ಪಕ್ಕ ಚಾಪೆಯ ಮೇಲೆ ಮಲಗಿದ್ದಳು.

ಫ್ರೆಮಾ ಮೇಲೇರಿದಳು. ದೊಡ್ಡ ಪ್ರಕಾಶನವೊಂದರ ಮುಖ್ಯಸ್ಥೆಯಾದಳು, ಸಂಘದ ಅಧ್ಯಕ್ಷೆಯೂ ಆದಳು. ಹಿತ್ತಿಲು ಹೋಗಿ ಹೋಟೆಲಿನ ಹಾಲ್ ಬಂತು, ಬ್ಯಾನರ್ ಬಂತು, ತರಬೇತಿ ಬಂತು. ಅದಕ್ಕೆ ಡುಫಿಯೆಯ ತಕರಾರೇನೂ ಇರಲಿಲ್ಲ; ಹುಡುಗಿಯರಿಗೆ ಒಳ್ಳೊಳ್ಳೆಯ ಕೆಲಸ ಸಿಗುತ್ತಿತ್ತು.

ಆಮೇಲೆ ಡುಫಿಯೆಯ ತಾಯಿ ತೀರಿಕೊಂಡಳು. ಶನಿವಾರದ ಅಂತ್ಯಕ್ರಿಯೆಗೆ ಸಂಘದವರಿಗೆಂದೇ ಅವಳು ಶಾಮಿಯಾನದ ಕೆಳಗೆ ಎರಡು ಸಾಲು ಕುರ್ಚಿ ಹಾಕಿಸಿದಳು. ಒಬ್ಬಳೂ ಬರಲಿಲ್ಲ. ಬಂದವರ ಹೆಸರು ಸಾರುವ ಮೈಕಿನವನು ಸಂಘದ ಹೆಸರನ್ನು ಮತ್ತೆ ಮತ್ತೆ ಕೂಗಿದ. ಚಿಕ್ಕಮ್ಮಂದಿರು ಮುಖ ಮುಖ ನೋಡಿಕೊಂಡರು. ಆ ಶನಿವಾರ ಫ್ರೆಮಾ ಎಲ್ಲರನ್ನೂ ತರಬೇತಿಗೆ ಕೂರಿಸಿದ್ದಳು. ತಪ್ಪಿಸಿಕೊಂಡವರ ಹೆಸರನ್ನು ಸಂಘದಿಂದ ತೆಗೆಯುವುದಾಗಿ ಹೇಳಿದ್ದಳಂತೆ.

ಸೋಮವಾರ ಅವಳೇ ಫೋನು ಮಾಡಿದಳು. "ಬೇಜಾರ್ ಮಾಡ್ಕೋಬೇಡ ಡುಫಿಯಕ್ಕ. ನಮ್ದೀಗ ವೃತ್ತಿಪರರ ಸಂಘ. ಸಾವು, ನಾಮಕರಣ ಅಂತ ಓಡಾಡ್ತಿದ್ರೆ ಹೊರಗಿನೋರು ನಗ್ತಾರೆ."

"ನಗಲಿ ಬಿಡು," ಎಂದು ಡುಫಿಯೆ ಫೋನಿಟ್ಟಳು. ಅವತ್ತಿನಿಂದ ಹೊಂಚು ಹಾಕಿ ಕೂತಳು.

ಸಂಘದ ಬೆಳ್ಳಿಹಬ್ಬದ ಔತಣಕ್ಕೆ ಒಂದು ಶನಿವಾರ ಗೊತ್ತಾಯಿತು. ಮಂತ್ರಿಗಳು ಬರುವವರಿದ್ದರು. ಡುಫಿಯೆ ಅದೇ ಸಂಜೆ ಕುಟುಂಬದ ಹಿರಿಯನಾದ ಸೋದರಮಾವನ ಮುಂದೆ ಕೂತು, ಅಮ್ಮನ ವರ್ಷದ ಕಾರ್ಯ ಅದೇ ಶನಿವಾರ ಆಗಬೇಕೆಂದಳು.

"ವರ್ಷ ತುಂಬೋಕೆ ಇನ್ನೂ ದಿನ ಇದೆಯಲ್ಲೇ."

"ಬೇಗ ಮಾಡಿದ್ರೆ ಅಮ್ಮ ಏನೂ ಅಂದ್ಕೊಳ್ಳಲ್ಲ ಮಾವ."

ಕಪ್ಪು ಬಿಳುಪಿನ ಬಟ್ಟೆ ಕೊಂಡು, ಸಂಘದ ಒಬ್ಬೊಬ್ಬಳ ಮನೆಗೂ ತಾನೇ ಹೋದಳು. ಸಾವಿನ ಬಟ್ಟೆಯನ್ನು ಕೈಯೊಡ್ಡಿ ತೆಗೆದುಕೊಂಡವಳು ಬಾರದೆ ಇರುವಂತಿಲ್ಲ. ಹಳೆಯ ಗೆಳತಿ ಪೊಕುವಾ ಬಟ್ಟೆ ಹಿಡಿದುಕೊಂಡೇ ತಡವರಿಸಿದಳು.

"ಅವತ್ತೇ ಔತಣ ಅಲ್ವಾ ಅಕ್ಕ?"

"ಹೌದಾ? ಯಾರನ್ನ ಬಿಡ್ಬೇಕೋ ನೀನೇ ನೋಡ್ಕೋ. ಹೋದ್ಸಲ ನನ್ನನ್ನ ಬಿಟ್ಟಾಯ್ತು."

ಪೊಕುವಾ ತಲೆ ತಗ್ಗಿಸಿದಳು. ಬಟ್ಟೆಯನ್ನು ದರ್ಜಿಗೆ ಕೊಟ್ಟಳು.

ಆ ಶನಿವಾರ ಶಾಮಿಯಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಘದ ಹೆಂಗಸರು ಹಿಂದಿನಂತೆ ಸೆರಗು ಬಿಗಿದು ಬಡಿಸುತ್ತಿದ್ದರು. ಊಟದ ಹೊತ್ತಿಗೆ ಹೊರಗೆ ಕಾರು ನಿಂತಿತು. ಹೊನ್ನಿನ ಬಣ್ಣದ ಲೇಸಿನ ಉಡುಪು, ಎತ್ತರದ ಚಪ್ಪಲಿಯಲ್ಲಿ ಫ್ರೆಮಾ ಇಳಿದಳು. ನೇರವಾಗಿ ಡುಫಿಯೆಯ ಹತ್ತಿರ ನುಗ್ಗಲು ಹೋದವಳನ್ನು ಮಾವ ತಡೆದ.

"ಮೊದ್ಲು ಪದ್ಧತಿ ಪ್ರಕಾರ ಎಲ್ರ ಕೈ ಕುಲುಕಮ್ಮ. ಬಲಗಡೆಯಿಂದ."

ಫ್ರೆಮಾ ಬಲಗಡೆಯಿಂದ ಶುರು ಮಾಡಿ ಅಷ್ಟು ಜನರ ಕೈಯನ್ನೂ ಕುಲುಕಿದಳು. ತನ್ನ ಸದಸ್ಯೆಯರ ಕೈಗಳನ್ನೂ ಕುಲುಕಬೇಕಾಯಿತು. ಕೂರಿಸಿದರು, ನೀರು ಕೊಟ್ಟರು, ಬಂದ ಕಾರಣ ಹೇಳೆಂದರು. ಅಷ್ಟೂ ಹೊತ್ತು ಡುಫಿಯೆ ಆತುರಪಡಲಿಲ್ಲ.

"ಮಂತ್ರಿಗಳು ಬಂದು ಕೂತಿದ್ದಾರೆ ಅಕ್ಕ. ಹಾಲಲ್ಲಿ ಒಂದು ನರಪಿಳ್ಳೆ ಇಲ್ಲ. ಇವ್ರನ್ನ ಕಳ್ಸು, ನಿನ್ನ ದಮ್ಮಯ್ಯ."

"ಖಾಲಿ ಕುರ್ಚಿ ನೋಡಿದ್ರೆ ಹೇಗಾಗುತ್ತೆ ಅಂತ ಗೊತ್ತಾಯ್ತಾ?" ಡುಫಿಯೆ ದನಿ ಏರಿಸಲಿಲ್ಲ. "ನಾನು ಯಾರನ್ನೂ ಕಟ್ಟಿಹಾಕಿಲ್ಲ. ಬರೋರಿದ್ರೆ ಕರ್ಕೊಂಡು ಹೋಗು."

ಫ್ರೆಮಾ ಸುತ್ತ ನೋಡಿದಳು. ಯಾರೂ ಏಳಲಿಲ್ಲ. ಪೊಕುವಾ ಅವಳ ಮುಂದೆ ಒಂದು ತಟ್ಟೆ ಜೊಲೊಫ್ ಅನ್ನ ಇಟ್ಟು ಹೋದಳು. ಫ್ರೆಮಾ ಅದನ್ನು ಮುಟ್ಟದೆ ಎದ್ದುಹೋದಳು.

ಮುಂದಿನ ಚುನಾವಣೆಯಲ್ಲಿ ಅವಳು ಸೋತಳು, ಪೊಕುವಾ ಅಧ್ಯಕ್ಷೆಯಾದಳು. ತರಬೇತಿ, ಬ್ಯಾನರ್ ಹಾಗೆಯೇ ಉಳಿದವು. ಸಾವಿನ ಮನೆಗೆ ಹೋಗುವುದೂ ಮತ್ತೆ ಶುರುವಾಯಿತು. ಗೌರವ ಅಧ್ಯಕ್ಷೆಯಾಗು ಎಂದು ಕರೆದರೆ ಡುಫಿಯೆ ಒಲ್ಲೆನೆಂದಳು.

ಫ್ರೆಮಾ ಹಿರಿಯರ ಕೈಯಲ್ಲಿ ತಪ್ಪೊಪ್ಪಿಗೆಯ ಮದ್ಯದ ಬಾಟಲಿ ಕಳಿಸಿದಳು. ಅದರ ಮುಚ್ಚಳ ತೆಗೆದರೆ ಕ್ಷಮಿಸಿದಂತೆ; ಡುಫಿಯೆ ತೆಗೆಯದೆ ವಾಪಸು ಕಳಿಸಿದಳು.

"ಇಷ್ಟು ಸಾಕಲ್ವೇನೇ?" ಎಂದ ಮಾವ.

"ನಂಗೆ ಸಾಕು ಅನ್ನಿಸ್ದಾಗ ಹೇಳ್ತೀನಿ," ಎಂದವಳು ಇನ್ನೂ ಹೇಳಿಲ್ಲ.