ಹೊಟ್ಟೆ ಸೀಳಿದ ಅಕ್ಷರ

ಒಂದನೆಯ ತರಗತಿಗೆ ಕಾಗುಣಿತ ಹೇಳಿಕೊಡುತ್ತಿದ್ದೆ. 'ಕೌ' ಎಂದೆ. ತುಟಿ ಅಲುಗಿತು.

ದನಿ ಬರಲಿಲ್ಲ.

ಸೊಲ್ಲಾಪುರದ ಇಎನ್‌ಟಿ ಡಾಕ್ಟರ್ ಮೂಗಿನಿಂದ ಸ್ಕೋಪ್ ಇಳಿಸಿ ನೋಡಿದರು. "ವೋಕಲ್ ನಾಡ್ಯೂಲ್ಸ್. ಮೂರು ವಾರ ಕಂಪ್ಲೀಟ್ ವಾಯ್ಸ್ ರೆಸ್ಟ್." ಸ್ವರತಂತುಗಳ ಮೇಲೆ ಗಂಟುಗಳೆದ್ದಿವೆ ಎಂಬಷ್ಟು ತಿಳಿಯಿತು. ಪಿಸುಮಾತು ಆಡಬಹುದೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವುದು ನನಗೆ ಇಂದಿಗೂ ಕಷ್ಟ. ತಲೆಯಾಡಿಸಿ ಬಂದೆ.

"ರಜಾ ಯಾಕ್ರಿ ಬಾಯಾರ? ಸಣ್ಣ ದನಿಲೆ ಕಲಸ್ರಿ," ಎಂದರು ಮುಖ್ಯಾಧ್ಯಾಪಕರು. ನಮ್ಮ ಕಡೆ ಶಿಕ್ಷಕಿಯರನ್ನು 'ಬಾಯಾರು' ಎಂದೇ ಕರೆಯುತ್ತಾರೆ. ಮೂರು ವಾರ ಪಿಸುಗುಟ್ಟಿಯೇ ಕಲಿಸಿದೆ. ನಾಲ್ಕನೆಯ ವಾರ ಪಿಸುಮಾತಿಗೂ ಗಂಟಲು ಉರಿಯತೊಡಗಿತು.

ತಡವಳದ ಹಿರಿಯ ಶಿಕ್ಷಕರಾದ ಕಲ್ಲಪ್ಪ ಗುರೂಜಿ ಸುದ್ದಿ ಕೇಳಿ ಮೈಂದರ್ಗಿಯ ನಮ್ಮ ಮನೆಗೆ ಬಂದರು. ನಾನು ಬಾಯಿ ತೆರೆದ ಕೂಡಲೇ ಕೈ ಅಡ್ಡ ಹಿಡಿದರು.

"ಪಿಸುಗುಟ್ಟಬ್ಯಾಡವಾ, ಅದರಿಂದ ಗಂಟಲಕ್ಕ ಇನ್ನೂ ತ್ರಾಸ. ನಂಗೂ ಇದ ಆಗಿತ್ತು. ಗ್ರೂಪ್‌ನ್ಯಾಗ ಎಲ್ಲಾ ಬರದಿದ್ದೆ, ಓದಿಲ್ಲೇನು?"

'ಗ್ರೂಪ್ ಬಿಟ್ಟಿದ್ದೇನೆ' ಎಂದು ಪಾಟಿಯ ಮೇಲೆ ಬರೆದು ತೋರಿಸಿದೆ.

ಅದು ಅಕ್ಕಲಕೋಟ ತಾಲೂಕಿನ ಕನ್ನಡ ಶಿಕ್ಷಕರ ಗುಂಪು. ತಿಂಗಳಿಗೊಮ್ಮೆ ಸಭೆ, ಉಳಿದ ದಿನ ಫೋನಿನಲ್ಲಿಯೇ ಪಾಠಗಳ ವಿನಿಮಯ. ಅಲ್ಲಿ ಒಮ್ಮೆ ನಾನು 'ಉಚ್ಚಾರ'ವನ್ನು 'ಉಚ್ಛಾರ' ಎಂದು ಬರೆದೆ. "ಬಾಯಾರು ಪಾಪ, ಚಕಾರದ ಹೊಟ್ಟಿ ಸೀಳ್ಯಾರ್ರಿ," ಎಂದು ಒಬ್ಬ ಸರ್ ಬರೆದರು. ಎಲ್ಲರೂ ನಗುವ ಚಿತ್ರ ಒತ್ತಿದರು. ಅಂದೇ ಹೊರಬಂದೆ. ಸಭೆಗೂ ಹೋಗುವುದನ್ನು ನಿಲ್ಲಿಸಿದೆ.

ಗುರೂಜಿ ಹೋದ ಮೇಲೆ ಸಿಟ್ಟು ಬಂತು. ದಿನವಿಡೀ ಮಾತನಾಡುವುದೇ ನಮ್ಮ ವೃತ್ತಿ. ಆದರೂ ಗಂಟಲು ಕಾಯುವುದನ್ನು ಯಾವ ಕಾಲೇಜೂ ನಮಗೆ ಕಲಿಸಲಿಲ್ಲ. ಒಬ್ಬರಿಂದೊಬ್ಬರು ಕಲಿಯಬೇಕಾದ ಜಾಗದಲ್ಲಿ ಒತ್ತಕ್ಷರ ಹಿಡಿದು ನಕ್ಕರು. ಮತ್ತು ನಾನು? ಒಂದು ಅಕ್ಷರದ ಅವಮಾನಕ್ಕೆ ಎದ್ದು ಬಂದು, ನನಗೆ ಬೇಕಾಗಿದ್ದ ಒಂದೇ ಒಂದು ಮಾತನ್ನು ಕಳೆದುಕೊಂಡೆ.

ರಜೆ ಹಾಕಿದೆ. ಈ ಸಲ ನಿಜವಾದ ಮೌನ. ಬಳಿಕ ಸ್ಪೀಚ್ ಥೆರಪಿ. ದನಿ ಅರ್ಧದಷ್ಟು ಮರಳಿದೆ, ಅಷ್ಟಕ್ಕೂ ಕೃತಜ್ಞಳು.

ಗುರೂಜಿ ನನ್ನನ್ನು ಮತ್ತೆ ಗುಂಪಿಗೆ ಸೇರಿಸಿದರು. ಪಿಸುಮಾತಿನ ತಪ್ಪನ್ನು ವಿವರವಾಗಿ ಬರೆದು ಕಳಿಸಿದೆ. ಕಳಿಸಿದ ಮೇಲೆ ಕಂಡಿತು, ಮತ್ತೆ 'ಉಚ್ಛಾರ'. ಅಳಿಸಲಿಲ್ಲ.

ಅಂದು ಹೊಟ್ಟೆ ಸೀಳಿದ ಮಾತಾಡಿದ್ದ ಅದೇ ಸರ್ ನನಗೊಬ್ಬಳಿಗೇ ಬರೆದರು: "ಬಾಯಾರ, ನಂದೂ ದನಿ ಕುಂತು ತಿಂಗಳಾತು. ಯಾರಿಗೂ ಹೇಳಿಲ್ರಿ."

ಸಿಟ್ಟು ಇಳಿದಿರಲಿಲ್ಲ. ಆದರೂ ಡಾಕ್ಟರರ ವಿಳಾಸ ಬರೆದೆ. 'ಪಿಸುಗುಟ್ಟಬೇಡಿ' ಎಂಬುದನ್ನು ಎರಡು ಸಲ ಬರೆದೆ.